ಆರು ಸರಳುಗಳ ಎತ್ತರ

ಈಗ ರೇಡಿಯೊ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ರಿಪೀಟರನ್ನು ಪೆಟ್ಟಿಗೆಯಿಂದ ತೆಗೆದು, ನಾಲ್ಕು ತಂತಿ ಸಿಕ್ಕಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪೆಟ್ಟಿಗೆಯೊಳಗೆ ಯಾವ ಭಾಗ ಯಾವುದಕ್ಕೆ ತೊಂದರೆ ಕೊಡುತ್ತದೆ ಎಂದು ಕೈಯಾರೆ ತಿಳಿದವರು ಕೆಲವರಾದರೂ ಇರಬೇಕು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸರ್ವೀಸ್ ರಿಜಿಸ್ಟರಿನಲ್ಲಿದೆ; ಇಲ್ಲಿ ಬೇಡ. ಮನೆಯ ವಿಷಯವೂ ಬೇಡ. ಒಂದು ಯಂತ್ರ ಹೇಗೆ ತಯಾರಾಯಿತು, ಅದು ಕೈತಪ್ಪಿ ಹೋಗುವಂತೆ ನಾನೇ ಹೇಗೆ ಮಾಡಿಕೊಂಡಿದ್ದೆ, ಅಷ್ಟು ಹೇಳುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಯಶವಂತಪುರದ ಆಚೆ ಇದ್ದ ಒಂದು ರೇಡಿಯೊ ಕಾರ್ಖಾನೆಯ ವಿನ್ಯಾಸ ವಿಭಾಗಕ್ಕೆ ಸೇರಿದ್ದೆ. ಆ ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ. ಮುಖ್ಯಸ್ಥರು ಶ್ರೀಕಂಠಯ್ಯನವರು. ಹೆಂಗಸರ ಕೆಲಸವನ್ನು ನಂಬದವರು ಎಂದು ಅವರ ಬಗ್ಗೆ ಕೆಲವರು ಹೇಳುತ್ತಿದ್ದರು. ಅದು ಅನ್ಯಾಯದ ಮಾತು. ಅವರು ಯಾರ ಕೆಲಸವನ್ನೂ ನಂಬುತ್ತಿರಲಿಲ್ಲ.

ವಿದ್ಯುತ್ ಮಾರ್ಗಗಳನ್ನು ನೋಡಿಕೊಳ್ಳುವ ಒಂದು ಇಲಾಖೆ ನಮ್ಮಿಂದ ಹೊತ್ತೊಯ್ಯಬಹುದಾದ ರಿಪೀಟರ್ ಕೇಳಿತ್ತು. ಅವರ ಕಷ್ಟ ಸರಳವಾಗಿತ್ತು. ಲೈನಿನ ಮೇಲೆ ಕೆಲಸ ಮಾಡುವ ಗುಂಪು ಒಂದು ಗುಡ್ಡದ ಈಚೆ, ಸ್ವಿಚ್ ಹಾಕುವವನು ಗುಡ್ಡದ ಆಚೆ. ಇಬ್ಬರ ವ್ಯಾನಿನಲ್ಲೂ ರೇಡಿಯೊ ಇದ್ದರೂ ನಡುವೆ ಬಂಡೆ ಅಡ್ಡ. ಗುಡ್ಡದ ಮೇಲೆ ಒಂದು ಯಂತ್ರ ಕುಳಿತು, ಒಂದು ಕಡೆಯ ಮಾತನ್ನು ಒಂದು ತರಂಗಾಂತರದಲ್ಲಿ ಕೇಳಿ, ಅದೇ ಕ್ಷಣದಲ್ಲಿ ಇನ್ನೊಂದು ತರಂಗಾಂತರದಲ್ಲಿ ಗಟ್ಟಿಯಾಗಿ ಮತ್ತೆ ಹೇಳಬೇಕು. ರಿಪೀಟರ್ ಎಂದರೆ ಅಷ್ಟೇ. ಕೇಳಲು ಒಂದು ರಿಸೀವರ್, ಹೇಳಲು ಒಂದು ಟ್ರಾನ್ಸ್‌ಮಿಟರ್, ಮಾತು ಬಂದಾಗ ಟ್ರಾನ್ಸ್‌ಮಿಟರಿಗೆ ಜೀವ ಕೊಡುವ ಒಂದು ರಿಲೇ, ಏರಿಯಲ್, ಬ್ಯಾಟರಿ.

ಕಾಗದದ ಮೇಲೆ ಒಂದು ವಾರದ ಕೆಲಸ. ಮೇಜಿನ ಮೇಲೆ ಒಂದೂವರೆ ವರ್ಷ ಹಿಡಿಯಿತು.

ಮೊದಲು ಬಂದದ್ದು ಬ್ಯಾಟರಿಯ ತೊಂದರೆ. ಟ್ರಾನ್ಸ್‌ಮಿಟರಿನ ಕೊನೆಯ ಹಂತದಲ್ಲಿ ಇನ್ನೂ ಹಳೆಯ ಗಾಜಿನ ವಾಲ್ವ್ ಇತ್ತು. ಅದಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಕಾರಿನ ಬ್ಯಾಟರಿಯ ಹನ್ನೆರಡು ವೋಲ್ಟನ್ನು ಏರಿಸಲು ಟ್ರಾನ್ಸಿಸ್ಟರ್ ಹಾಕಿ ಒಂದು ಪರಿವರ್ತಕ ಮಾಡಿದೆ. ಕೆಲಸ ಮಾಡಿತು. ಆದರೆ ರಿಪೀಟರಿನಿಂದ ಬಂದ ಪ್ರತಿ ಮಾತಿನ ಹಿಂದೆಯೂ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಶ್ರೀಕಂಠಯ್ಯ ಬಾಗಿಲಲ್ಲೇ ನಿಂತು, "ಯಾರ್ರೀ ಅದು ಸಿಳ್ಳೆ ಹಾಕೋದು? ವಿಭಾಗದಲ್ಲಿ ಹೆಣ್ಮಕ್ಕಳಿದ್ದಾರೆ ಅನ್ನೋ ಜ್ಞಾನ ಬೇಡ್ವಾ?" ಎಂದು ಗದರಿದರು. ಯಂತ್ರ ಎಂದು ಹೇಳಿದಾಗ, "ಹಾಗಿದ್ರೆ ಅದಕ್ಕೆ ಹೇಳಿ" ಎಂದು ಹೋದರು. ಪರಿವರ್ತಕವನ್ನು ಬೇರೆ ತಗಡಿನ ಡಬ್ಬಿಯಲ್ಲಿ ಮುಚ್ಚಿ, ತಂತಿಗಳಿಗೆ ಫಿಲ್ಟರ್ ಹಾಕಿದ ಮೇಲೆ ಸಿಳ್ಳೆ ನಿಂತಿತು.

ಆಮೇಲೆ ರಿಲೇ. ಮಾತು ಬಂದಾಗ ಮಾತ್ರ ಟ್ರಾನ್ಸ್‌ಮಿಟರ್ ಏಳಬೇಕು. ನಾನು ಮೊದಲು ಮಾಡಿದ್ದು ಸಿಗ್ನಲ್ ಎಷ್ಟು ಜೋರಾಗಿದೆ ಎಂದು ನೋಡಿ ರಿಲೇ ಎಳೆಯುವ ಏರ್ಪಾಡು. ಕಾರ್ಖಾನೆಯ ಮುಂದಿನ ರಸ್ತೆಯಲ್ಲಿ ಒಂದು ಪೆಟ್ರೋಲ್ ಲಾರಿ ಹೋದರೂ ಅದರ ಸ್ಪಾರ್ಕ್ ಪ್ಲಗ್ಗಿನ ಸದ್ದಿಗೆ ರಿಲೇ ಎಳೆಯುತ್ತಿತ್ತು. ಒಂದು ಸಂತೆಯ ದಿನ ಇಟ್ಟುನೋಡಿದೆವು; ಬ್ಯಾಟರಿ ಮಧ್ಯಾಹ್ನಕ್ಕೇ ಬರಿದಾಯಿತು. ಸುಮ್ಮನಿರುವ ರಿಸೀವರಿನಲ್ಲಿ ಸುಯ್ಯೆನ್ನುವ ಸದ್ದು ಇದ್ದೇ ಇರುತ್ತದೆ. ನಿಜವಾದ ಸಿಗ್ನಲ್ ಬಂದಾಗ ಆ ಸದ್ದು ಅಡಗುತ್ತದೆ, ಲಾರಿಗೆ ಅಡಗುವುದಿಲ್ಲ. ಸದ್ದು ಅಡಗಿದ್ದನ್ನೇ ಗುರುತು ಹಿಡಿದು ರಿಲೇ ಎಳೆಯುವಂತೆ ಬದಲಾಯಿಸಿದೆ. ಜೋರಾಗಿರುವುದೆಲ್ಲ ಮಾತಲ್ಲ ಎಂದು ಕಲಿಯಲು ನನಗೆ ಒಂದು ಬ್ಯಾಟರಿ ಖರ್ಚಾಯಿತು.

ನಿಜವಾದ ಜಗಳ ಏರಿಯಲ್‌ನದು. ರಿಪೀಟರ್ ಕೇಳುವಾಗಲೇ ಮಾತಾಡಬೇಕು. ತನ್ನದೇ ಟ್ರಾನ್ಸ್‌ಮಿಟರ್ ಪಕ್ಕದಲ್ಲಿ ಅರಚುತ್ತಿದ್ದರೆ ದೂರದ ವ್ಯಾನಿನ ಸಣ್ಣ ದನಿ ರಿಸೀವರಿಗೆ ಕೇಳಿಸುವುದಿಲ್ಲ. ಶ್ರೀಕಂಠಯ್ಯನವರ ಪರಿಹಾರ ಎರಡು ಏರಿಯಲ್: ಎರಡು ಕಂಬ, ನಡುವೆ ಇನ್ನೂರು ಅಡಿ ಅಂತರ. ಹೊರಲು ಆರು ಜನ, ನಿಲ್ಲಿಸಲು ಅರ್ಧ ದಿನ. ಆದರೆ ಒಮ್ಮೆ ನಿಂತರೆ ಯಾವ ಹೊಂದಾಣಿಕೆಯೂ ಬೇಡ. ನನ್ನದು ಒಂದೇ ಏರಿಯಲ್, ಜೊತೆಗೆ ಆರು ಹಿತ್ತಾಳೆ ಕೊಳವೆಗಳ ಒಂದು ಪೆಟ್ಟಿಗೆ. ಒಂದೊಂದು ಕೊಳವೆಯೂ ಸುಮಾರು ಒಂದೂಮುಕ್ಕಾಲು ಅಡಿ ಉದ್ದ, ಒಳಗೆ ಮೇಲಿನಿಂದ ಇಳಿಬಿಟ್ಟ ಒಂದು ಸರಳು. ಸರಳು ಎಷ್ಟು ಒಳಗಿದೆ ಎಂಬುದರ ಮೇಲೆ ಆ ಕೊಳವೆ ಯಾವ ತರಂಗವನ್ನು ತಡೆಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಮೂರು ಕೊಳವೆ ಟ್ರಾನ್ಸ್‌ಮಿಟರಿನ ದಾರಿಯಲ್ಲಿ, ಮೂರು ರಿಸೀವರಿನ ದಾರಿಯಲ್ಲಿ. ಹೀಗೆ ಮಾಡಿದರೆ ಇಬ್ಬರೂ ಒಂದೇ ಏರಿಯಲ್ ಬಳಸಬಹುದು. ಹೊರಲು ಮೂರು ಜನ ಸಾಕು.

"ನಿಮ್ಮ ಕೊಳವೆ ಅಲುಗಾಡಿದ್ರೆ?" ಎಂದು ಕೇಳಿದರು ಶ್ರೀಕಂಠಯ್ಯ.

"ನಟ್ಟು ಬಿಗಿ ಮಾಡಿದೀನಿ ಸಾರ್."

"ನಟ್ಟು ಬಿಗಿ ಮಾಡೋಕೆ ಬರೋನಿಗೆ ಬಿಚ್ಚೋಕೂ ಬರತ್ತೆ. ಹೊರಗಡೆ ಲೈನ್ ಕೆಲಸದಲ್ಲಿ ಏನೇನಾಗತ್ತೆ ಅಂತ ನಾನು ನೋಡಿದೀನಿ ಕಣ್ರೀ." ಅವರು ಸ್ವಲ್ಪ ಹೊತ್ತು ನಕ್ಷೆ ನೋಡಿದರು. "ಸರಿ. ಇಲಾಖೆಯವರ ಮುಂದೆ ಬಂಡೆ ಮೇಲೆ ಕೆಲಸ ಮಾಡಿದ್ರೆ ನಿಮ್ಮ ಪೆಟ್ಟಿಗೆ. ಇಲ್ಲದಿದ್ರೆ ನನ್ನ ಎರಡು ಕಂಬ. ಆಮೇಲೆ ವಿನ್ಯಾಸದಲ್ಲಿ ನಿಮಗೆ ಕೆಲಸ ಇರಲ್ಲ. ಕ್ರಿಸ್ಟಲ್ ಪರೀಕ್ಷೆ ಮಾಡೋ ವಿಭಾಗದಲ್ಲಿ ಒಬ್ಬರು ಬೇಕಂತೆ."

ಕ್ರಿಸ್ಟಲ್ ಪರೀಕ್ಷೆ ಎಂದರೆ ದಿನವಿಡೀ ಒಂದೇ ಮೀಟರಿನ ಮುಂದೆ ಕುಳಿತು ಒಂದೇ ಅಂಕಿ ಬರೆಯುವುದು. ನಾನು "ಆಗಲಿ ಸಾರ್" ಎಂದೆ. ಅವರ ಮುಂದೆ ಅದಕ್ಕಿಂತ ಹೆಚ್ಚು ಮಾತಾಡುವ ಅಭ್ಯಾಸ ನನಗಿರಲಿಲ್ಲ.

ಕೊಳವೆಗಳನ್ನು ಮಾಡಿಕೊಟ್ಟವರು ಲೇತ್ ಮೇಲಿನ ಮುನಿಯಪ್ಪನವರು. ಮತ್ತಿಕೆರೆಯವರು, ಕಾರ್ಖಾನೆಗೆ ಬರುವ ಮೊದಲು ರಾಗಿ ಬೆಳೆದವರು. ಸರಳಿನ ಮರೆಯನ್ನು, ಅಂದರೆ ತಿರುಪಿನ ಸುತ್ತುಗಳನ್ನು, ಅವರೇ ಕೊರೆದಿದ್ದರು, ಅಂಗುಲಕ್ಕೆ ಮೂವತ್ತೆರಡು ಸುತ್ತು. ನನ್ನ ನಕ್ಷೆಯಲ್ಲಿ ಒಂದು ಕೂದಲೆಳೆ ತಪ್ಪಿದ್ದರೂ ಅವರ ಬೆರಳಿಗೆ ಗೊತ್ತಾಗುತ್ತಿತ್ತು. "ಅಮ್ಮಾವ್ರೆ, ಕಾಗದದಾಗೆ ಇಂಗೈತೆ, ಆದ್ರೆ ಇಂಗೆ ಕೂರಾಕಿಲ್ಲ" ಎಂದು ತಂದು ತೋರಿಸುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಅವರದೇ ಸರಿ.

ಹೊಂದಾಣಿಕೆಯ ಕೆಲಸವನ್ನು ಮಾತ್ರ ನಾನು ಬಾಗಿಲು ಹಾಕಿಕೊಂಡು ಮಾಡುತ್ತಿದ್ದೆ. ನಾನು ಉಪಕರಣದ ಮುಂದೆ ಕುಳಿತರೆ ನಾಲ್ಕು ಜನ ಬಂದು ಹಿಂದೆ ನಿಲ್ಲುತ್ತಿದ್ದರು. ಅವರು ಉಪಕರಣವನ್ನು ನೋಡುತ್ತಿರಲಿಲ್ಲ. ಆದ್ದರಿಂದ ಬಾಗಿಲು, ಆದ್ದರಿಂದ ಅಳತೆಗಳೆಲ್ಲ ನನ್ನ ಪುಸ್ತಕದಲ್ಲಿ, ಪುಸ್ತಕ ನನ್ನ ಡ್ರಾಯರಿನಲ್ಲಿ, ಬೀಗದ ಕೈ ನನ್ನ ಚೀಲದಲ್ಲಿ. ಆರು ಸರಳುಗಳೂ ಆರು ಬೇರೆ ಬೇರೆ ಎತ್ತರದಲ್ಲಿ ನಿಂತಿರುತ್ತವೆ, ಹಾಗೆಯೇ ನಿಂತಿರಬೇಕು ಎಂದು ಕಾರ್ಖಾನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯಾವ ಹೊಸ ಯಂತ್ರವೂ ಪೂಜೆಯಾಗದೆ ಗೇಟು ದಾಟುವಂತಿಲ್ಲ ಎಂಬುದು ನಮ್ಮ ಲೇತ್ ಶಾಪಿನ ಪದ್ಧತಿ. ಪೂಜೆಗೆ ಮುಂಚೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಾರೆ. ಹಿತ್ತಾಳೆ ಎಂದರೆ ಕೇಳುವುದೇ ಬೇಡ. ಪ್ರದರ್ಶನದ ಹಿಂದಿನ ದಿನ ನಾನು ವ್ಯಾನುಗಳ ರೇಡಿಯೊ ಪರೀಕ್ಷಿಸಲು ಹೆಬ್ಬಾಳದ ಕಡೆ ಹೋಗಿದ್ದೆ. ಬೆಳಿಗ್ಗೆ ಬಂದಾಗ ಪೆಟ್ಟಿಗೆ ಗೋಣಿಯಲ್ಲಿ ಸುತ್ತಿ ಲಾರಿಯಲ್ಲಿತ್ತು. ಮೇಲೆ ಒಂದು ಮೊಳ ಸೇವಂತಿಗೆ. ಬಿಚ್ಚಿಸಿ ನೋಡಬಹುದಿತ್ತು. ನೋಡಲಿಲ್ಲ. ಗೇಟಿನಿಂದ ಹೊರಡುವ ಮುನ್ನ ಕೊನೆಯ ಬಾರಿ ಅಳೆಯಿರಿ ಎಂದು ನಾನು ಆಮೇಲೆ ಎಲ್ಲರಿಗೂ ಹೇಳುತ್ತ ಬಂದದ್ದು ಆ ಬೆಳಿಗ್ಗೆಯ ಕಾರಣಕ್ಕೆ.

ಹುಣಸಮಾರನಹಳ್ಳಿ ದಾಟಿ ಸ್ವಲ್ಪ ಒಳಗೆ ಹೋದರೆ ಒಂದು ಬೋಳು ಬಂಡೆ. ಅದರ ಮೇಲೆ ರಿಪೀಟರ್. ಒಂದು ವ್ಯಾನು ತುಮಕೂರು ರಸ್ತೆಯಲ್ಲಿ, ದಾಸರಹಳ್ಳಿಯ ಬಳಿ. ಅದರಲ್ಲಿ ನಮ್ಮ ಡ್ರೈವರ್ ಪಾಷಾ. ಇನ್ನೊಂದು ವ್ಯಾನು ಬಂಡೆಯ ಆ ಬದಿಯ ತಗ್ಗಿನಲ್ಲಿ. ಬಂಡೆಯ ಮೇಲೆ ನಾವು ನಾಲ್ವರು: ಶ್ರೀಕಂಠಯ್ಯ, ಪೆಟ್ಟಿಗೆ ಹೊತ್ತು ತಂದ ಮೂವರಲ್ಲಿ ಮೇಲೆಯೇ ಉಳಿದ ಮುನಿಯಪ್ಪ, ನಾನು, ಇಲಾಖೆಯ ಇಂಜಿನಿಯರ್ ದೇವಯ್ಯ. ದೇವಯ್ಯನವರು ಕಡಿಮೆ ಮಾತಿನ ಮನುಷ್ಯ. ಗಡಿಯಾರ ನೋಡಿ, "ಹನ್ನೆರಡು ಗಂಟೆವರೆಗೆ ಇರ್ತೀನಿ" ಎಂದರು. ಆಗ ಹತ್ತು ಗಂಟೆ.

ನಾನು ಸ್ವಿಚ್ ಹಾಕಿದೆ. ಪಾಷಾ ಮಾತಾಡಲು ಶುರು ಮಾಡಿದ.

ಟಕ್ ಟಕ್ ಟಕ್ ಟಕ್ ಎಂದಿತು ರಿಲೇ. ಪಾಷಾನ ಮಾತು ಕತ್ತರಿಸಿದ ಚೂರುಗಳಾಗಿ ಹೊರಬಂತು. ಅರ್ಥ ನನಗೆ ತಕ್ಷಣ ಆಯಿತು. ರಿಸೀವರಿಗೆ ಪಾಷಾ ಕೇಳಿಸುತ್ತಾನೆ, ರಿಲೇ ಎಳೆಯುತ್ತದೆ, ಟ್ರಾನ್ಸ್‌ಮಿಟರ್ ಏಳುತ್ತದೆ, ಅದರ ಅಬ್ಬರಕ್ಕೆ ರಿಸೀವರ್ ಕಿವುಡಾಗುತ್ತದೆ, ರಿಲೇ ಬಿಡುತ್ತದೆ, ಮತ್ತೆ ಪಾಷಾ ಕೇಳಿಸುತ್ತಾನೆ. ಕೊಳವೆಗಳು ಕೆಲಸ ಮಾಡುತ್ತಿರಲಿಲ್ಲ.

"ಇದನ್ನೇ ನಾನು ಹೇಳಿದ್ದು" ಎಂದರು ಶ್ರೀಕಂಠಯ್ಯ. ಗೆದ್ದ ದನಿಯಲ್ಲಿ ಹೇಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಮುಚ್ಚಳ ತೆಗೆದೆ. ಹಿತ್ತಾಳೆ ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಒಂದೊಂದು ಕೊಳವೆಗೂ ಅರಿಸಿನ, ಕುಂಕುಮ. ಆರು ಸರಳುಗಳ ತಲೆ ಒಂದು ಗೆರೆ ಎಳೆದ ಹಾಗೆ ಒಂದೇ ಮಟ್ಟದಲ್ಲಿ ನಿಂತಿದ್ದವು. ಅಷ್ಟು ಸಮನಾಗಿ ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ.

ನಾನು ಮುನಿಯಪ್ಪನವರ ಕಡೆ ನೋಡಿದೆ. ಅವರು ನನ್ನ ಮುಖ ನೋಡಿ, ಸರಳು ನೋಡಿ, ಒಂದು ಹೆಜ್ಜೆ ಹಿಂದೆ ಸರಿದರು. ಶ್ರೀಕಂಠಯ್ಯನವರೂ ಅದನ್ನು ಗಮನಿಸಿದರು. "ಯಾರು ಮುಟ್ಟಿದ್ದು ಇದನ್ನ?" ಎಂದರು.

ಮುನಿಯಪ್ಪ ನೆಲ ನೋಡುತ್ತಿದ್ದರು. ಯಾವುದನ್ನು ಎಷ್ಟು ತಿರುಗಿಸಿದೆ ಎಂದು ಅವರು ಬಾಯಿ ಬಿಡದಿದ್ದರೆ ನನ್ನ ಪೆಟ್ಟಿಗೆ ಅಲ್ಲಿಗೆ ಮುಗಿಯಿತು: ಪುಸ್ತಕ ಯಶವಂತಪುರದ ಡ್ರಾಯರಿನಲ್ಲಿ, ಸಿಗ್ನಲ್ ಕೊಡುವ ಉಪಕರಣ ಕಾರ್ಖಾನೆಯಲ್ಲಿ. ಹೋಗಿ ಬರುವಷ್ಟರಲ್ಲಿ ದೇವಯ್ಯ ಹೊರಟುಹೋಗಿರುತ್ತಾರೆ. ಆ ಪ್ರಶ್ನೆ ಹಾಗೇ ನಿಂತಿರುವಾಗ ಮುನಿಯಪ್ಪ ಬಾಯಿ ಬಿಡುವುದೂ ಸಾಧ್ಯವಿರಲಿಲ್ಲ.

"ತಪ್ಪು ನನ್ನದು ಸಾರ್" ಎಂದೆ. ದನಿ ನನಗೇ ಅಪರಿಚಿತವಾಗಿತ್ತು. "ಈ ಸರಳುಗಳು ಬೇರೆ ಬೇರೆ ಎತ್ತರದಲ್ಲಿರಬೇಕು ಅಂತ ನಾನು ಯಾರಿಗೂ ಹೇಳಿಲ್ಲ. ಪೆಟ್ಟಿಗೆ ಮೇಲೂ ಬರೆದಿಲ್ಲ. ಬಾಗಿಲು ಹಾಕ್ಕೊಂಡು ಕೆಲಸ ಮಾಡಿದ್ದು ನಾನು. ನೋಡಿದ ಯಾರಾದ್ರೂ ಇವನ್ನ ಸಮ ಮಾಡ್ತಾರೆ."

ಆಮೇಲೆ ಮುನಿಯಪ್ಪ ಮುಂದೆ ಬಂದರು.

"ನಾನೇ ಸ್ವಾಮಿ. ಬೆಳಗಾನ ಬಿಚ್ಚಿ ತೊಳೆದೆ. ಅಮ್ಮಾವ್ರು ಅವಸರದಾಗೆ ವಂಕಾಗಿ ಬಿಟ್ಟವ್ರೆ ಅಂದ್ಕೊಂಡೆ. ದೊಡ್ಡೋರ ಮುಂದೆ ಇಂಗೆ ಒಂದು ಮೇಲೆ ಒಂದು ಕೆಳಗೆ ಇದ್ರೆ ನಮ್ಮ ಶಾಪಿನ ಮರ್ವಾದೆ ಏನಾಗ್ಬೇಕು ಅಂತ..."

"ಮರ್ಯಾದೆ ಈಗ ನೋಡಿದ್ರಲ್ಲ" ಎಂದರು ಶ್ರೀಕಂಠಯ್ಯ.

"ಸಾರ್, ಒಂದು ನಿಮಿಷ" ಎಂದೆ. ಅವರ ಮಾತಿಗೆ ನಾನು ಅಡ್ಡ ಬಂದದ್ದು ಅದೇ ಮೊದಲು. "ಮುನಿಯಪ್ಪನವರೇ, ಸಮ ಮಾಡುವಾಗ ಯಾವುದನ್ನ ಎಷ್ಟು ತಿರುಗಿಸಿದ್ರಿ? ಏನಾದ್ರೂ ನೆನಪಿದೆಯಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೆನಪಿಲ್ದೆ ಏನು? ಮರೆ ಕೊರೆದೋನು ನಾನಲ್ವಾ?" ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳು ತೋರುಬೆರಳು ಗಾಳಿಯಲ್ಲಿ ತಿರುಗಿಸತೊಡಗಿದರು. "ಈ ಕಡೀದು ಎಂಟು ಸುತ್ತು ಇಳಿಸ್ದೆ. ಇದ್ರ ಪಕ್ಕದ್ದು ಎಂಟೂಕಾಲು. ಮೂರ್ನೇದು... ಏಳೂವರೆ. ಆಕಡೆ ಮೂರು ಏರಿಸಿದ್ದು. ಏಳು, ಎಂಟು, ಮತ್ತೆ ಎಂಟು ಸುತ್ತಿಗೆ ಒಂದಿಷ್ಟು ಕಮ್ಮಿ."

ಅವರು ಹೇಳಿದ ಹಾಗೆ ಒಂದೊಂದನ್ನೂ ಹಿಂದಕ್ಕೆ ತಿರುಗಿಸಿದೆವು. ಎರಡು ಗುಂಪುಗಳ ನಡುವೆ ಅರ್ಧ ಅಂಗುಲ ವ್ಯತ್ಯಾಸ ಬಂತು. ನನ್ನ ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ ಎಂದು ಆಗ ನೆನಪಾಯಿತು. ಉಳಿದದ್ದು ಕೂದಲೆಳೆಯ ಕೆಲಸ. ಅದಕ್ಕೆ ದೂರದಿಂದ ಒಂದು ಸಣ್ಣ ಸಿಗ್ನಲ್ ಬಿಡದೆ ಬರುತ್ತಿರಬೇಕು. ರಿಪೀಟರಿನ ಮೈಕ್ ತೆಗೆದುಕೊಂಡೆ. "ಪಾಷಾ, ಐದು ನಿಮಿಷ ಸ್ವಿಚ್ ಒತ್ತಿ ಹಿಡಿದು ಮಾತಾಡ್ತಾ ಇರಿ. ನಿಲ್ಲಿಸಬೇಡಿ. ಆಮೇಲೆ ಒಂದು ನಿಮಿಷ ಬಿಡಿ, ಮತ್ತೆ ಶುರು ಮಾಡಿ."

"ಏನ್ ಮಾತಾಡ್ಲಿ ಮೇಡಂ?"

"ಏನಾದ್ರೂ."

ರಿಲೇಯನ್ನು ಒತ್ತಿ ಹಿಡಿದು ಟ್ರಾನ್ಸ್‌ಮಿಟರ್ ಎದ್ದೇ ಇರುವಂತೆ ಮಾಡಿದೆ. ರಿಸೀವರಿಗೆ ಒಂದು ಸಣ್ಣ ಮೀಟರ್ ಸಿಕ್ಕಿಸಿದೆ. ಟ್ರಾನ್ಸ್‌ಮಿಟರ್ ಅರಚುತ್ತಿರುವಾಗಲೂ ಪಾಷಾನ ಸಿಗ್ನಲ್ ಮೀಟರಿನ ಮುಳ್ಳನ್ನು ಎತ್ತಬೇಕು. ಎಷ್ಟು ಎತ್ತುತ್ತದೋ ಅಷ್ಟು ಸರಿ. ಪಾಷಾ ಮೊದಲು ಒಂದರಿಂದ ಐವತ್ತು ಎಣಿಸಿದ. ಆಮೇಲೆ ಬೇಜಾರಾಯಿತೇನೋ. "ಇಲ್ಲಿ ಒಂದು ಎಮ್ಮೆ ನಿಂತಿದೆ ಮೇಡಂ. ನಾನು ಒಬ್ನೇ ಮಾತಾಡೋದ್ನ ನೋಡ್ತಾ ಇದೆ. ಎಮ್ಮೆ ಯಜಮಾನನೂ ಬಂದ. ಅವನೂ ನೋಡ್ತಾ ಇದಾನೆ. ಏನ್ ಗುರು, ಏನ್ ಸಮಾಚಾರ? ನಾನ್ ಹುಚ್ಚ ಅಲ್ಲಪ್ಪ, ಸರ್ಕಾರಿ ಕೆಲಸ ಇದು..." ಸ್ವಿಚ್ ಒತ್ತಿ ಹಿಡಿದವನಿಗೆ ನಮ್ಮ ಮಾತು ಕೇಳಿಸುವುದಿಲ್ಲ. ದೇವಯ್ಯನವರು ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು.

ಮುನಿಯಪ್ಪ ನನ್ನ ಪಕ್ಕದಲ್ಲೇ ಕೂತು ಮುಳ್ಳು ನೋಡುತ್ತಿದ್ದರು. ನಾನು ಒಂದು ಸರಳನ್ನು ಕಾಲು ಸುತ್ತು ತಿರುಗಿಸಿದಾಗ ಮುಳ್ಳು ಏಳುತ್ತದೆ, ದಾಟಿದರೆ ಬೀಳುತ್ತದೆ. ಅತಿ ಮೇಲೆ ನಿಂತ ಜಾಗದಲ್ಲಿ ನಟ್ಟು ಬಿಗಿ. ಮುಂದಿನ ಸರಳು. ಆರೂ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಹಾಗೆ ಎರಡು ಸುತ್ತು. ಮಾಡುತ್ತ ಮಾಡುತ್ತ, ಏಕೆ ಹೀಗೆ ಎಂದು ನಾನು ಅವರಿಗೆ ಹೇಳುತ್ತಿದ್ದೆ. ಯಾರೋ ಹಿಂದೆ ನಿಂತಿದ್ದಾರೆ ಎಂಬುದು ಮರೆತೇಹೋಗಿತ್ತು.

ರಿಲೇಯನ್ನು ಬಿಟ್ಟೆ. ಪಾಷಾ ಮತ್ತೆ ಸ್ವಿಚ್ ಒತ್ತಿದಾಗ ಒಂದೇ ಒಂದು "ಟಕ್". ಅವನ ಮಾತು ಪೂರ್ತಿಯಾಗಿ, ಎಮ್ಮೆ ಸಮೇತ, ಬಂಡೆಯ ಆ ಬದಿಯ ವ್ಯಾನಿಗೆ ಹೋಯಿತು. ಅಲ್ಲಿಂದ, "ಪಾಷಾ, ಎಮ್ಮೆಗೆ ನಮ್ಮ ನಮಸ್ಕಾರ ಹೇಳಪ್ಪ" ಎಂದು ಉತ್ತರ ಬಂತು. ಹನ್ನೊಂದೂ ಇಪ್ಪತ್ತಾಗಿತ್ತು.

"ಚೆನ್ನಾಗಿದೆ" ಎಂದರು ದೇವಯ್ಯ. "ಆದ್ರೆ ನನ್ನ ಗ್ಯಾಂಗಿನಲ್ಲಿ ಎಂ.ಎಸ್ಸಿ. ಓದಿದೋರು ಯಾರೂ ಇಲ್ಲ."

"ನನ್ನ ಪ್ರಶ್ನೆಯೂ ಅದೇ" ಎಂದರು ಶ್ರೀಕಂಠಯ್ಯ.

ಅದು ನ್ಯಾಯವಾದ ಪ್ರಶ್ನೆ. "ಸಾರ್, ನೀವೇ ಕೆಡಿಸಿ" ಎಂದು ಸ್ಪ್ಯಾನರನ್ನು ದೇವಯ್ಯನವರ ಕೈಗೆ ಕೊಟ್ಟೆ. "ಆರನ್ನೂ ಮನಸ್ಸಿಗೆ ಬಂದ ಹಾಗೆ ತಿರುಗಿಸಿ. ಸರಿ ಮಾಡೋದು ನಾನಲ್ಲ. ಮುನಿಯಪ್ಪನವರು ಮಾಡ್ತಾರೆ."

"ಅಮ್ಮಾವ್ರೆ!" ಎಂದರು ಮುನಿಯಪ್ಪ. "ಒಂದ್ಸಲ ಕೆಡಿಸಿದ್ದು ಸಾಲ್ದಾ?"

"ನೀವು ಅರ್ಧ ಗಂಟೆಯಿಂದ ಮುಳ್ಳು ನೋಡ್ತಾ ಇದೀರಿ."

"ನೋಡೋದು ಬ್ಯಾರೆ, ಮಾಡೋದು ಬ್ಯಾರೆ."

"ನಿಮ್ಮ ಕೈ ನನ್ನ ಕೈಗಿಂತ ಚೆನ್ನಾಗಿದೆ" ಎಂದೆ. ಅದು ಉಪಚಾರದ ಮಾತಾಗಿರಲಿಲ್ಲ.

ದೇವಯ್ಯ ಚೆನ್ನಾಗಿಯೇ ಕೆಡಿಸಿದರು. ಎಷ್ಟು ಸುತ್ತು ಎಂದು ಯಾರಿಗೂ ತಿಳಿಯದ ಹಾಗೆ ನಮಗೆ ಬೆನ್ನು ಮಾಡಿ ಕೂತು ತಿರುಗಿಸಿದರು. ನಾನು ಹತ್ತು ಹೆಜ್ಜೆ ದೂರ ಹೋಗಿ ಬಂಡೆಯ ಅಂಚಿನಲ್ಲಿ ಕೂತೆ. ಬೇಕಿದ್ದದ್ದು ಒಂದು ಮಾತು ಹೇಳಿಕೊಡದೆ ಇರುವುದು. ಅದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮುನಿಯಪ್ಪ ಎರಡನೇ ಸರಳಿನಲ್ಲಿ ದಾರಿ ತಪ್ಪಿದರು. ಮುಳ್ಳು ಬಿದ್ದೇಹೋಯಿತು. ಅವರು ನನ್ನ ಕಡೆ ತಿರುಗಿದರು. ನಾನು ಯಲಹಂಕದ ಕಡೆ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವರು ತಮಗೆ ತಾವೇ, "ಮೊದ್ಲು ಮೂರು ಮೇಲೆ, ಮೂರು ಕೆಳಗೆ. ಆಮ್ಯಾಕೆ ಮುಳ್ಳು" ಎಂದು ಹೇಳಿಕೊಳ್ಳುವುದು ಕೇಳಿಸಿತು. ಹನ್ನೆರಡಕ್ಕೆ ಎಂಟು ನಿಮಿಷ ಇರುವಾಗ ರಿಲೇ ಒಂದೇ ಒಂದು ಸಲ ಟಕ್ ಎಂದಿತು.

ದೇವಯ್ಯ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ಶ್ರೀಕಂಠಯ್ಯನವರಿಗೆ, "ಈ ಪೆಟ್ಟಿಗೆಯೇ ಇರ್ಲಿ. ಎರಡು ಕಂಬ ಬೇಡ" ಎಂದರು. ನನಗೆ, "ಒಂದೇ ಷರತ್ತು. ಇವರು ಈಗ ಮಾಡಿದ್ದನ್ನ ಮುಚ್ಚಳದ ಒಳಗೆ ಬರೆದು ಅಂಟಿಸ್ಬೇಕು. ಕನ್ನಡದಲ್ಲಿ. ಇವತ್ತೇ."

ಶ್ರೀಕಂಠಯ್ಯ ತಮ್ಮ ಫೈಲಿನಿಂದ ಎರಡು ಕಂಬಗಳ ನಕ್ಷೆ ತೆಗೆದು, ಹಿಂದಿನ ಖಾಲಿ ಬದಿ ಮೇಲೆ ಬರುವಂತೆ ಮಡಿಸಿ ನನ್ನ ಕೈಗೆ ಕೊಟ್ಟರು. "ಬರೀರಿ. ಕಾಗದ ಹಾಳು ಮಾಡೋದ್ಯಾಕೆ."

ನೆರಳಿಲ್ಲದ ಬಂಡೆಯ ಮೇಲೆ, ಗೋಣಿ ಹಾಸಿಕೊಂಡು ಬರೆಯಲು ಕುಳಿತೆ. ಮುನಿಯಪ್ಪ ಎದುರಿಗೆ. ನನ್ನ ಮೊದಲ ಸಾಲನ್ನು ಓದಿ ಹೇಳಿದೆ: "ಸರಳುಗಳನ್ನು ಪ್ರದಕ್ಷಿಣ ದಿಕ್ಕಿನಲ್ಲಿ ಭ್ರಮಿಸುವಂತೆ ಮಾಡಿ..."

"ಅಮ್ಮಾವ್ರೆ, ದೇವಸ್ಥಾನಕ್ಕೆ ಓಗ್ತಿದೀವಾ? ಬಲಕ್ಕೆ ತಿರುಗ್ಸಿ ಅಂತ ಬರೀರಿ."

ಹೊಡೆದು ಹಾಕಿ ಬರೆದೆ.

"ಅದು ಎಲ್ಡನೇ ಸಾಲು. ಅದ್ರ ಮೇಲೆ ಜಾಗ ಬಿಟ್ಟಿದೀರಾ?"

"ಇದೆ. ಏನು ಬರೀಲಿ?"

ಮುನಿಯಪ್ಪ ಪೆಟ್ಟಿಗೆಯ ಕಡೆ ನೋಡಿದರು. ಒಂದು ಮೇಲೆ, ಒಂದು ಕೆಳಗೆ, ಒಂದು ಅದಕ್ಕಿಂತ ಚೂರು ಮೇಲೆ ನಿಂತಿದ್ದ ಸರಳುಗಳನ್ನು ನೋಡುವುದು ಅವರಿಗೆ ಈಗಲೂ ಕಷ್ಟವಾಗುತ್ತಿತ್ತು ಎಂದು ಮುಖದಲ್ಲಿ ಕಾಣುತ್ತಿತ್ತು.

"ಆರನ್ನೂ ಸಮ ಮಾಡಬೇಡಿ," ಎಂದರು. "ದಪ್ಪಕ್ಷರದಾಗೆ ಬರೀರಿ. ನನ್ನಂಥೋರು ಎಲ್ಲಾ ಶಾಪಿನಾಗೂ ಇರ್ತಾರೆ."